ನಿಂತುಹೋದ ಉಪಸಮಿತಿಗಳನ್ನು ನಾವು ಮುಚ್ಚಿದ್ದು ಹೀಗೆ

ನಮ್ಮದು ಮೂಡಿಗೆರೆ ಕಡೆಯ ಒಂದು ಬೆಳೆಗಾರರ ಸಂಘ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿಯಾಗಿದೆ. ನಾನು ಕಾರ್ಯದರ್ಶಿಯಾದಾಗ ಲೆಟರ್‌ಹೆಡ್‌ನ ಎಡಬದಿ ಪೂರ್ತಿ ಉಪಸಮಿತಿಗಳ ಹೆಸರೇ ತುಂಬಿತ್ತು. ಅದರಲ್ಲೊಂದು ‘ಪೂಲ್ ಬಾಕಿ ಸಮಿತಿ’. ಈಗಿನ ಹುಡುಗರಿಗೆ ಪೂಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಒಂದು ಕಾಲಕ್ಕೆ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಬಾಕಿ ಕಂತು ಕೇಳಲು ಮಾಡಿದ್ದ ಸಮಿತಿ ಮಾತ್ರ ನಮ್ಮ ಕಾಗದದ ಮೇಲೆ ಹಾಗೇ ಉಳಿದಿತ್ತು.

‘ಇದ್ದರೆ ಏನು ನಷ್ಟ, ಸುಮ್ನೆ ಇರಲಿ ಬಿಡಿ’ ಎಂದವರೇ ಜಾಸ್ತಿ. ನಷ್ಟ ಇದೆ. ಪಟ್ಟಿಯಲ್ಲಿ ಹೆಸರಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದು ಸದಸ್ಯರು ನಂಬುತ್ತಾರೆ. ಒಂದು ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ ತೋಟದ ಅಂಚು ಜರಿಯಿತು. ಅವರು ‘ನೆರೆ ಪರಿಹಾರ ಸಮಿತಿ’ಯ ಸಂಚಾಲಕರ ವಿಳಾಸಕ್ಕೆ ಕಾಗದ ಬರೆದರು. ಸಂಚಾಲಕರು ಆಗಲೇ ಬೆಂಗಳೂರಿಗೆ, ಮಗನ ಮನೆಗೆ ಹೋಗಿಯಾಗಿತ್ತು. ಕಾಗದ ಬೀಗ ಹಾಕಿದ ಮನೆಯ ಜಗಲಿಯಲ್ಲಿ ಬಿದ್ದಿತ್ತು. ಸಂಘ ಕೈಬಿಟ್ಟಿತು ಎಂದು ಆ ಸದಸ್ಯರು ತಿಳಿದರು. ಹಾಗೆ ತಿಳಿಯಲು ಅವರಿಗೆ ಕಾರಣವೂ ಇತ್ತು, ಅಲ್ವಾ? ಸಮಿತಿಯ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರು ನೇರವಾಗಿ ಕಚೇರಿಗೇ ಬರುತ್ತಿದ್ದರು. ನಾನು ಈ ಕೆಲಸ ಕೈಗೆತ್ತಿಕೊಂಡಿದ್ದೇ ಆ ಕಾಗದದ ಕಾರಣಕ್ಕೆ.

ಮೊದಲು ಮಾಡಿದ್ದು ಹಳೆಯ ನಡಾವಳಿ ಪುಸ್ತಕಗಳನ್ನು ಕೆಳಗಿಳಿಸಿ ಓದುವುದು. ಯಾವ ಸಮಿತಿ ಯಾವಾಗ ಆಯಿತು ಎನ್ನುವುದಕ್ಕಿಂತ ಅದನ್ನು ಯಾರು ಮಾಡಿದರು ಎಂದು ಹುಡುಕಿದೆ. ಮುಚ್ಚುವ ಅಧಿಕಾರ ಯಾರಿಗಿದೆ ಎಂಬುದು ಇದರ ಮೇಲೇ ನಿಂತಿದೆ. ಕೆಲವು ಸಮಿತಿಗಳನ್ನು ಕಾರ್ಯಕಾರಿ ಸಮಿತಿ ತನ್ನ ಠರಾವಿನಿಂದ ಮಾಡಿತ್ತು. ಅವನ್ನು ಕಾರ್ಯಕಾರಿ ಸಮಿತಿಯೇ ಮುಚ್ಚಬಹುದು. ಕೆಲವನ್ನು ಸರ್ವಸದಸ್ಯರ ಸಭೆ ಮಾಡಿತ್ತು. ಅವನ್ನು ಕಾರ್ಯಕಾರಿ ಸಮಿತಿ ಮುಚ್ಚಲು ಹೋಗಬಾರದು, ವಿಷಯ ಮತ್ತೆ ಸರ್ವಸದಸ್ಯರ ಮುಂದೆಯೇ ಬರಬೇಕು. ಇನ್ನು ಒಂದೆರಡರ ಹೆಸರು ಬೈಲಾದಲ್ಲೇ ಇತ್ತು. ಅವನ್ನು ತೆಗೆಯಬೇಕಾದರೆ ಬೈಲಾ ತಿದ್ದುಪಡಿಯೇ ಆಗಬೇಕು. ಸರ್ವಸದಸ್ಯರ ಸಭೆಗೆ ತಿದ್ದುಪಡಿಯ ವಿಷಯ ಬರೆದೇ ನೋಟಿಸ್ ಕೊಡಬೇಕು, ಅಲ್ಲಿ ಒಪ್ಪಿದ ಮೇಲೆ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಾಗಾಗಿ ಬೈಲಾದಲ್ಲಿರುವ ಸಮಿತಿಗಳನ್ನು ಅವಸರದಲ್ಲಿ ಮುಟ್ಟಬೇಡಿ ಎನ್ನುತ್ತೇನೆ. ನಾವು ಅವನ್ನು ಕೊನೆಗೆ ಇಟ್ಟುಕೊಂಡು ಉಳಿದವನ್ನು ಮೊದಲು ಮುಗಿಸಿದೆವು.

ಆಮೇಲೆ ಪ್ರತಿ ಸಂಚಾಲಕರಿಗೂ ಒಂದು ಕಾಗದ ಕಳಿಸಿದೆವು. ಅದರಲ್ಲಿ ‘ಮುಚ್ಚುತ್ತೇವೆ’ ಎಂದು ಬರೆದಿರಲಿಲ್ಲ. ಈಗ ಯಾವ ಕೆಲಸ ನಡೆಯುತ್ತಿದೆ, ಯಾರು ಮಾಡುತ್ತಿದ್ದಾರೆ, ಹಣ ಎಲ್ಲಿದೆ, ಕಾಗದಪತ್ರ ಯಾರ ಹತ್ತಿರ ಇದೆ, ಇಷ್ಟೇ ಕೇಳಿದ್ದೆವು. ಉತ್ತರಕ್ಕೆ ಒಂದು ತಿಂಗಳು ಸಮಯ. ಕಾಗದ ಕಳಿಸುವ ಕಾಲವನ್ನೂ ಯೋಚಿಸಿದ್ದೆವು. ಕೊಯ್ಲಿನ ಸಮಯದಲ್ಲಿ ಕಳಿಸಿದರೆ ಯಾರೂ ಓದುವುದಿಲ್ಲ. ಜುಲೈ–ಆಗಸ್ಟ್‌ನಲ್ಲಿ ನಮ್ಮ ಕಡೆ ಕರೆಂಟೂ ಇರುವುದಿಲ್ಲ, ಫೋನೂ ಸಿಗುವುದಿಲ್ಲ. ಕಣ ಗುಡಿಸಿ, ಚೀಲ ಹೊಲಿದು, ಜನ ಸ್ವಲ್ಪ ಉಸಿರು ಬಿಡುವ ಹೊತ್ತಿಗೆ ಕಳಿಸಿದೆವು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಭೆ ನಡೆದಿಲ್ಲ ಎಂದ ಮಾತ್ರಕ್ಕೆ ಸಮಿತಿ ಸತ್ತಿದೆ ಎಂದು ಲೆಕ್ಕ ಹಾಕಬೇಡಿ. ನಮ್ಮ ಆನೆ ಹಾವಳಿ ಸಮಿತಿಯ ನಡಾವಳಿ ಪುಸ್ತಕ ಎಷ್ಟೋ ಕಾಲದಿಂದ ಖಾಲಿ ಇತ್ತು. ಪುಸ್ತಕ ನೋಡಿದರೆ ಮೊದಲು ಮುಚ್ಚಬೇಕಾದ ಸಮಿತಿ ಅದೇ. ಆದರೆ ಅದರ ಸಂಚಾಲಕರ ಮನೆಗೆ ಹೋದಾಗ ಅವರ ಹೆಂಡತಿ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರ್ ತೋರಿಸಿದರು. ಯಾವ ದಿನ ಯಾರ ತೋಟಕ್ಕೆ ಆನೆ ಬಂತು, ಯಾರು ಫೋನ್ ಮಾಡಿದರು, ಅರಣ್ಯ ಇಲಾಖೆಯವರು ಬಂದರೋ ಇಲ್ಲವೋ, ಎಲ್ಲ ಪೆನ್ಸಿಲಿನಲ್ಲಿ ಬರೆದಿತ್ತು. ಬಹುಪಾಲು ಬರಹ ಆ ತಾಯಿಯದೇ. ರಾತ್ರಿ ಫೋನ್ ಎತ್ತುತ್ತಿದ್ದವರೂ ಅವರೇ. 2022ರ ಕೊನೆಗೆ ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಮಾಡಿದ ಮೇಲೆ ಸಭೆ ಸೇರಿ ಮನವಿ ಬರೆಯುವ ಕೆಲಸ ಕಡಿಮೆಯಾಗಿತ್ತು. ಕಾರ್ಯಪಡೆಗೂ ತೋಟದವರಿಗೂ ನಡುವೆ ಮಾಹಿತಿ ಮುಟ್ಟಿಸುವ ಕೆಲಸ ಮಾತ್ರ ಹೆಚ್ಚಾಗಿತ್ತು. ಇಂಥದ್ದನ್ನು ಮುಚ್ಚುವುದು ಹೇಗೆ? ನಾವು ಹನ್ನೊಂದು ಜನರ ಸಮಿತಿಯನ್ನು ವಿಸರ್ಜಿಸಿ, ಕೆಲಸವನ್ನು ಆ ದಂಪತಿಯ ಹೆಸರಿಗೇ ಠರಾವು ಮಾಡಿ ಒಪ್ಪಿಸಿದೆವು. ಫೋನ್ ಖರ್ಚನ್ನು ಸಂಘ ಕೊಡುತ್ತದೆ. ಆ ಕ್ಯಾಲೆಂಡರಿನ ಬದಲು ಒಂದು ದಪ್ಪ ರಿಜಿಸ್ಟರ್ ಕೊಟ್ಟಿದ್ದೇವೆ. ಕೆಲಸ ಮಾಡುತ್ತಿದ್ದವರ ಹೆಸರು ಮೊದಲ ಸಲ ಸಂಘದ ಪುಸ್ತಕಕ್ಕೆ ಬಂತು.

ಉಳಿದವನ್ನೂ ಹೀಗೇ ನೋಡಿದೆವು. ಈ ಸಮಿತಿ ನಾಳೆಯಿಂದ ಇಲ್ಲ ಎಂದರೆ ಯಾರಿಗೆ ತೊಂದರೆ? ಯಾರಿಗೂ ಇಲ್ಲ ಎಂದಾದರೆ ಮುಚ್ಚುವ ಪಟ್ಟಿಗೆ. ಯಾರಿಗೋ ಇದೆ ಎಂದಾದರೆ ಆ ಕೆಲಸ ಯಾರ ಕೈಗೆ ಹೋಗಬೇಕು ಎಂದು ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಮುಚ್ಚುವ ಮಾತು. ಪೂಲ್ ಬಾಕಿ ಸಮಿತಿ, ಕ್ರೀಡಾಕೂಟದ ಸಮಿತಿ, ಕಟ್ಟಡ ಸಮಿತಿ ಇವೆಲ್ಲ ಜಾಸ್ತಿ ಚರ್ಚೆಯಿಲ್ಲದೆ ಮುಗಿದವು.

ಕಷ್ಟ ಬಂದಿದ್ದು ಹಣದಲ್ಲಿ. ನೆರೆ ಪರಿಹಾರ ಸಮಿತಿ 2019ರದ್ದು. ಆ ಆಗಸ್ಟ್ ಮಳೆಗೆ ನಮ್ಮ ತಾಲೂಕಿನಲ್ಲಿ ಗುಡ್ಡ ಜರಿದು ಮನೆ, ತೋಟ ಎಲ್ಲ ಹೋದವು. ಆಗ ಕೂಡಿದ ಹಣದಲ್ಲಿ ಹಂಚಿ ಉಳಿದದ್ದು ಒಂದು ಉಳಿತಾಯ ಖಾತೆಯಲ್ಲಿತ್ತು. ಖಾತೆಗೆ ಇಬ್ಬರ ಜಂಟಿ ಸಹಿ. ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಬೆಂಗಳೂರಿನಲ್ಲಿ. ಎರಡು ವರ್ಷ ಖಾತೆದಾರರ ಕಡೆಯಿಂದ ಯಾವ ವ್ಯವಹಾರವೂ ಇಲ್ಲದಿದ್ದರೆ ಬ್ಯಾಂಕು ಖಾತೆಯನ್ನು ನಿಷ್ಕ್ರಿಯ ಎಂದು ಗುರುತು ಮಾಡುತ್ತದೆ. ಬಡ್ಡಿ ಜಮೆಯಾಗುತ್ತಾ ಇರುತ್ತದೆ, ಆದರೆ ಅದು ವ್ಯವಹಾರ ಎಂದು ಲೆಕ್ಕಕ್ಕೆ ಬರುವುದಿಲ್ಲ. ಹತ್ತು ವರ್ಷ ಹೀಗೇ ಬಿಟ್ಟರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದರೂ ಹಕ್ಕು ಹೋಗುವುದಿಲ್ಲ, ಬ್ಯಾಂಕಿನ ಮೂಲಕ ಕೇಳಿ ವಾಪಸ್ ಪಡೆಯಬಹುದು. ಆದರೆ ಅಷ್ಟು ಹೊತ್ತಿಗೆ ಕೇಳುವವರು ಯಾರು ಉಳಿದಿರುತ್ತಾರೆ?

ಉಪಸಮಿತಿಗೆ ಕಾನೂನಿನ ಕಣ್ಣಲ್ಲಿ ಬೇರೆ ಅಸ್ತಿತ್ವ ಇಲ್ಲ. ಖಾತೆ ತೆರೆದಿದ್ದು ಸಂಘದ ನೋಂದಣಿ ಪತ್ರ, ಸಂಘದ ಪ್ಯಾನ್ ಮೇಲೆ. ಇದೇ ನಮಗೆ ದಾರಿಯಾಯಿತು. ಕಾರ್ಯಕಾರಿ ಸಮಿತಿಯಲ್ಲಿ ಮೊದಲು ಸಹಿದಾರರನ್ನು ಬದಲಿಸುವ ಠರಾವು ಮಾಡಿದೆವು. ಹಳೆಯ ಸಹಿದಾರರ ಹೆಸರು, ಹೊಸಬರ ಹೆಸರು, ಖಾತೆ ಸಂಖ್ಯೆ ಮೂರೂ ಠರಾವಿನೊಳಗೇ ಇರಬೇಕು. ನಮ್ಮ ಮೊದಲ ಕರಡಿನಲ್ಲಿ ‘ಸಮಿತಿಯ ಖಾತೆ’ ಎಂದಷ್ಟೇ ಇತ್ತು, ಖಾತೆ ಸಂಖ್ಯೆ ಹಾಕಿ ತನ್ನಿ ಎಂದು ಬ್ಯಾಂಕಿನವರು ಹೇಳಿದರು. ಠರಾವಿನ ದೃಢೀಕೃತ ಪ್ರತಿ, ಮರಣ ಪ್ರಮಾಣಪತ್ರ, ಹೊಸ ಸಹಿದಾರರ ಕೆವೈಸಿ, ಈಗಿನ ಪದಾಧಿಕಾರಿಗಳ ಪಟ್ಟಿ ಕೊಟ್ಟೆವು. ಬೆಂಗಳೂರಿನಲ್ಲಿದ್ದ ಹಿರಿಯರಿಂದ ಒಂದು ಒಪ್ಪಿಗೆ ಪತ್ರವನ್ನೂ ತರಿಸಿಕೊಂಡೆವು. ಖಾತೆ ಮತ್ತೆ ಚಾಲೂ ಮಾಡಲು ಬ್ಯಾಂಕು ಶುಲ್ಕ ಹಾಕುವಂತಿಲ್ಲ, ಇದು ಸದಸ್ಯರಿಗೆ ಗೊತ್ತಿರಲಿ. ಮುಚ್ಚುವ ಮುಂಚೆ ಅದೇ ಶಾಖೆಯಲ್ಲಿ ಸಂಘದ ಪ್ಯಾನ್‌ಗೆ ಬೇರೆ ಠೇವಣಿ ಇದೆಯೇ ಎಂದು ಬರಹದಲ್ಲೇ ಕೇಳಿ. ಹಳೆಯ ಸಮಿತಿಗಳು ಉಳಿದ ಹಣವನ್ನು ಎಫ್‌ಡಿ ಮಾಡಿ ರಸೀದಿಯನ್ನು ಯಾವುದೋ ಬೀರುವಿನಲ್ಲಿ ಇಟ್ಟಿರುತ್ತಾರೆ.

ಹಣ ಕೈಗೆ ಬಂದ ಮೇಲೆ ಸಭೆಯಲ್ಲಿ ಬಿಸಿ ಮಾತು ಶುರುವಾಯಿತು. ಸಭಾಭವನದ ಸೋರುವ ಹಂಚು ರಿಪೇರಿಗೆ ಹಾಕೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ಜನ ಅದನ್ನು ಮನೆ ಕಳೆದುಕೊಂಡವರಿಗೆಂದು ಕೊಟ್ಟಿದ್ದರು. ರಸೀದಿ ಪುಸ್ತಕದ ಮೇಲೂ ಹಾಗೆಯೇ ಅಚ್ಚಾಗಿದೆ. ಪುಸ್ತಕದಲ್ಲಿ ನಮ್ಮ ಕಡೆ ಉಳಿದ ರಸೀದಿಯ ಅರ್ಧಹಾಳೆಗಳನ್ನು ಸಭೆಗೆ ತಂದು ಓದಿದೆ. ಐವತ್ತು ರೂಪಾಯಿ ಕೊಟ್ಟ ತೋಟದ ಕೆಲಸದವರ ಹೆಸರುಗಳು ಅಲ್ಲಿದ್ದವು. ಆಮೇಲೆ ಹಂಚಿನ ಮಾತು ಯಾರೂ ಎತ್ತಲಿಲ್ಲ. ಹಣ ಸಂಘದ ಮುಖ್ಯ ಖಾತೆಗೆ ಬಂದರೂ ಲೆಕ್ಕದಲ್ಲಿ ‘ಮಳೆ ಹಾನಿ ನೆರವು’ ಎಂದು ಬೇರೆ ತಲೆಬರಹದಲ್ಲೇ ಇರಬೇಕು, ಬೇರೆ ಯಾವುದಕ್ಕೂ ಬಳಸಬಾರದು ಎಂದು ಸರ್ವಸದಸ್ಯರ ಸಭೆ ಠರಾವು ಮಾಡಿತು. ಇದನ್ನೆಲ್ಲ ಮಾರ್ಚ್ 31ರ ಒಳಗೆ ಮುಗಿಸಿದ್ದರಿಂದ ಆ ವರ್ಷದ ಲೆಕ್ಕದಲ್ಲೇ ಸೇರಿತು. ವಾರ್ಷಿಕ ಸಭೆಯ ನಂತರ ನೋಂದಣಾಧಿಕಾರಿಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸುವಾಗ ವಿವರಣೆ ಕೊಡುವ ಪ್ರಮೇಯವೇ ಬರಲಿಲ್ಲ.

ಕಾಗದಪತ್ರದ ವಿಷಯ ಸುಲಭ, ಆದರೆ ಬಿಡಬಾರದು. ಪ್ರತಿ ಸಮಿತಿಯಿಂದ ನಡಾವಳಿ ಪುಸ್ತಕ, ರಸೀದಿ ಪುಸ್ತಕ, ಪಾಸ್‌ಬುಕ್, ಉಳಿದ ಚೆಕ್ ಹಾಳೆ, ರಬ್ಬರ್ ಸೀಲು ವಾಪಸ್ ತೆಗೆದುಕೊಂಡು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದೆವು. ಖಾಲಿ ರಸೀದಿಗಳಿಗೆ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದೆವು. ಸೀಲುಗಳನ್ನು ಕಾರ್ಯಕಾರಿ ಸಮಿತಿಯ ಎದುರೇ ಕತ್ತರಿಸಿ ನಡಾವಳಿಯಲ್ಲಿ ಬರೆಸಿದೆವು. ವಾಟ್ಸಾಪ್ ಗ್ರೂಪ್‌ಗಳಲ್ಲಿ ‘ಈ ಸಮಿತಿ ಮುಗಿದಿದೆ, ಇನ್ನು ಕಚೇರಿ ನಂಬರಿಗೆ ಫೋನ್ ಮಾಡಿ’ ಎಂಬ ಕೊನೆಯ ಸಂದೇಶ ಹಾಕಿ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದೆವು.

ಮನಸ್ಸಿನ ಕೆಲಸ ಇನ್ನೂ ಇತ್ತು. ಪೂಲ್ ಬಾಕಿ ಸಮಿತಿಯ ಹಿರಿಯ ಸಂಚಾಲಕರು ನನ್ನ ಕಾಗದಕ್ಕೆ ಉತ್ತರ ಕೊಡಲಿಲ್ಲ. ಮನೆಗೆ ಹೋದೆ. ಕಾಫಿ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹೆಸರು ತೆಗೀತೀಯಾ ಹಾಗಾದ್ರೆ?’ ಎಂದರು. ‘ಇಲ್ಲ ದೊಡ್ಡಪ್ಪ, ಹೆಸರು ಸಂಘದ ಇತಿಹಾಸದಲ್ಲಿ ಇರುತ್ತೆ. ಕೆಲಸ ಮುಗೀತು ಅಂತ ಬರೀತೀವಿ. ಅದನ್ನು ಮುಗಿಸಿದವರು ನೀವೇ ಅಂತಾನೂ ಬರೀತೀವಿ’ ಎಂದೆ. ಆಗ ಒಳಗೆ ಹೋಗಿ ಒಂದು ಟ್ರಂಕ್ ತಂದರು. ಬಾಕಿ ಕಂತಿಗಾಗಿ ಬರೆದ ಪತ್ರಗಳ ಕಾರ್ಬನ್ ಪ್ರತಿಗಳು, ಸದಸ್ಯವಾರು ಲೆಕ್ಕ, ಎಲ್ಲ ಇಸವಿ ಪ್ರಕಾರ ಕಟ್ಟಿಟ್ಟಿದ್ದರು. ಅದೀಗ ಸಂಘದ ಕಪಾಟಿನಲ್ಲಿದೆ. ಅವರ ಸಮಿತಿಯ ಠರಾವಿನಲ್ಲಿ ‘ರದ್ದು’ ಎಂಬ ಪದ ಬಳಸದೆ ‘ಕಾರ್ಯ ಪೂರೈಸಿ ಮುಕ್ತಾಯ’ ಎಂದು ಬರೆದೆವು, ಸದಸ್ಯರೆಲ್ಲರ ಹೆಸರು ಹೇಳಿ ವಂದಿಸಿದೆವು. ಉಳಿದ ಸಮಿತಿಗಳಿಗೂ ಅದೇ ಒಕ್ಕಣೆ ಇಟ್ಟುಕೊಂಡೆವು.

ಇನ್ನು ಮುಂದೆ ಹೀಗೆ ಗುಡ್ಡೆ ಬೀಳಬಾರದು ಎಂದು ಒಂದು ನಿಯಮ ತಂದೆವು. ಹೊಸ ಉಪಸಮಿತಿ ಮಾಡುವ ಠರಾವಿನಲ್ಲೇ ಅದರ ಕೆಲಸ ಮತ್ತು ಕೊನೆಯ ದಿನಾಂಕ ಇರಬೇಕು. ವಾರ್ಷಿಕ ಸಭೆಯಲ್ಲಿ ಮುಂದುವರಿಸದಿದ್ದರೆ ಅದು ತಾನಾಗಿ ಮುಗಿಯುತ್ತದೆ. ಬೇರೆ ಬ್ಯಾಂಕ್ ಖಾತೆ ಇಲ್ಲ, ಖರ್ಚೆಲ್ಲ ಖಜಾಂಚಿಯ ಮೂಲಕ. ಮುಚ್ಚಿದ್ದು ಮತ್ತೆ ಬೇಕಾದರೆ ಏಳು ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟರೆ ಮುಂದಿನ ಸಭೆಗೆ ತರಬೇಕು. ಈ ಕೊನೆಯದಕ್ಕೆ ನಾನು ಹಠ ಹಿಡಿದಿದ್ದೆ. ಮುಚ್ಚಿದ ಬಾಗಿಲು ತೆಗೆಯುವುದು ಕಷ್ಟ ಎಂದಾದರೆ ಯಾರೂ ಏನನ್ನೂ ಮುಚ್ಚಲು ಬಿಡುವುದಿಲ್ಲ.

ನಾವು ಮುಚ್ಚಿದ್ದ ಕಾಯಿ ಕೊರಕದ, ಅಂದರೆ ಕಾಫಿ ಕಾಯಿ ಕೊರೆಯುವ ಹುಳದ ಸಮಿತಿಗೆ ಅಂಥ ಅರ್ಜಿ ಈಗಾಗಲೇ ಬಂದಿದೆ. ಬರೆದವರೆಲ್ಲ ರೊಬಸ್ಟಾ ತೋಟದ ಯುವಕರು. ನೆಲಕ್ಕೆ ಬಿದ್ದ ಕಾಯನ್ನು ಒಬ್ಬ ಆರಿಸಿ ಪಕ್ಕದವನು ಬಿಟ್ಟರೆ ಹುಳ ಮತ್ತೆ ಬರುತ್ತದೆ, ಎಲ್ಲರೂ ಒಟ್ಟಿಗೆ ಮಾಡಬೇಕು ಎಂದು ಬರೆದಿದ್ದಾರೆ. ಎರಡು ಕೊಯ್ಲಿನ ಮಟ್ಟಿಗೆ ಸಮಿತಿ ಕೇಳಿದ್ದಾರೆ, ಕೊನೆಯ ದಿನಾಂಕವನ್ನೂ ಅವರೇ ಹಾಕಿದ್ದಾರೆ. ಮುಂದಿನ ಸಭೆಯ ಮೊದಲ ವಿಷಯ ಅದೇ.