ಡಿಕ್ಯಾಂಟರ್‌ನಿಂದ ಕೆಸರು ನೀರು ಬರುತ್ತಿದ್ದಾಗ

ಬಳ್ಳಾರಿಯ ಜೀನ್ಸ್ ತೊಳೆಯುವ ಕಾರ್ಖಾನೆಯೊಂದರ ತ್ಯಾಜ್ಯನೀರು ಶುದ್ಧೀಕರಣ ಘಟಕ ನನ್ನ ಉಸ್ತುವಾರಿಯಲ್ಲಿದೆ. ಅಲ್ಲಿ ಕೆಸರು ಮತ್ತು ನೀರನ್ನು ಬೇರ್ಪಡಿಸುವ ಡಿಕ್ಯಾಂಟರ್ ಸೆಂಟ್ರಿಫ್ಯೂಜ್‌ನಿಂದ ತಿಳಿನೀರಿನ ಬದಲು ನೀಲಿ ರಾಡಿ ಬರತೊಡಗಿತು.

ಈ ಯಂತ್ರದಲ್ಲಿ ಅಡ್ಡಲಾಗಿ ಕೂರಿಸಿದ ಡ್ರಮ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಭಾರವಾದ ಕಣಗಳು ಗೋಡೆಗೆ ಸರಿಯುತ್ತವೆ. ಒಳಗಿನ ಸ್ಕ್ರೂ ಡ್ರಮ್‌ಗಿಂತ ತುಸು ಬೇರೆ ವೇಗದಲ್ಲಿ ತಿರುಗುತ್ತಾ ಅವನ್ನು ಕಿರಿದಾದ ತುದಿಗೆ ದೂಡುತ್ತದೆ. ನೀರು ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ.

ವೇಗ ಹೆಚ್ಚಿಸೋಣ ಎಂದು ಹಲವರು ಹೇಳಿದರು. ನಾನು ಒಪ್ಪಲಿಲ್ಲ, ಬೇರಿಂಗ್ ಸವೆಯುವುದಷ್ಟೇ ಲಾಭ. ಸಣ್ಣ ಕಣಗಳು ಗುಂಪುಗೂಡಲೆಂದು ಯಂತ್ರಕ್ಕೆ ಹೋಗುವ ಕೆಸರಿಗೆ ಪಾಲಿಮರ್ ದ್ರಾವಣ ಸೇರಿಸುತ್ತೇವೆ. ಅದನ್ನೇ ಗಾಜಿನ ಲೋಟದಲ್ಲಿ ಕೆಸರಿಗೆ ಬೆರೆಸಿ ನೋಡಿದೆ. ಕಣಗಳು ಗುಂಪುಗೂಡಲೇ ಇಲ್ಲ, ತಳದಲ್ಲಿ ನೆನೆದ ಸಬ್ಬಕ್ಕಿಯಂತಹ ಲೋಳೆ ಗಂಟುಗಳು ಮಾತ್ರ ಕಂಡವು. ಪಾಲಿಮರ್ ಪುಡಿ ನೀರಿನಲ್ಲಿ ಪೂರ್ತಿ ಕರಗುವ ಮೊದಲೇ ಯಂತ್ರ ಸೇರುತ್ತಿತ್ತು!

ಈಗ ನೀರು ಕಲಕುತ್ತಿರುವಾಗಲೇ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ, ಬಳಿಕ ಮಂದಗತಿಯಲ್ಲಿ ಕಲಕುತ್ತಾ ಸುಮಾರು 45 ನಿಮಿಷ ಬಿಡುತ್ತೇವೆ. ಕೆಸರಿನ ಒಳಹರಿವನ್ನೂ ತಗ್ಗಿಸಿದೆವು. ರಾಡಿ ನಿಂತಿತು, ಹೊರಬರುವ ಕೆಸರು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಗಟ್ಟಿಯಾಗಿದೆ. ನೀರಿನಲ್ಲಿ ತೆಳುನೀಲಿ ಇನ್ನೂ ಉಳಿದಿದೆ. ಕರಗಿದ ಬಣ್ಣವನ್ನು ಸೆಂಟ್ರಿಫ್ಯೂಜ್ ಬೇರ್ಪಡಿಸಲಾರದು, ಅದನ್ನು ಮುಂದಿನ ಹಂತದಲ್ಲಿ ತೆಗೆಯಬೇಕು.