ಎರಡನೇ ಕ್ವಾರ್ಟರ್‌ಬ್ಯಾಕ್‌ ತಯಾರಾಗಬೇಕಾದದ್ದು ಮಂಗಳವಾರ

ತಂಡ ಸತತವಾಗಿ ಸೋಲತೊಡಗಿದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗ್ಯಾಲರಿಯಿಂದ ಮೊದಲು ಕೇಳಿಬರುವ ಕೂಗು, ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ದಾಳಿಯನ್ನು ನಡೆಸುತ್ತ ಚೆಂಡು ಎಸೆಯುವ ಆಟಗಾರನನ್ನು, ಬದಲಾಯಿಸಿ ಎಂಬುದು. ನಾನು ಓಹಾಯೋದ ಒಂದು ಹೈಸ್ಕೂಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ನೋಡಿಕೊಳ್ಳುವ ಸಹಾಯಕ ಕೋಚ್. ನಮಗೂ ಆ ಕೂಗು ಕೇಳಿಸಿತು. ಕೂಗಿದವರು ಹೇಳಿದ್ದರಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಆದರೆ ಬದಲಿಗೆ ಬರಬೇಕಾದ ಆ ಎರಡನೇ ಹುಡುಗ ವಾರವಿಡೀ ಏನು ಅಭ್ಯಾಸ ಮಾಡುತ್ತಿದ್ದಾನೆ ಎಂದು ಯಾರೂ ಕೇಳಲಿಲ್ಲ.

ಸಾಮಾನ್ಯವಾಗಿ ಅವನು ಸ್ಕೌಟ್ ತಂಡದಲ್ಲಿರುತ್ತಾನೆ. ಮುಂದಿನ ಶುಕ್ರವಾರದ ಎದುರಾಳಿಗಳು ಹೇಗೆ ಆಡುತ್ತಾರೋ ಹಾಗೆ ಆಡಿ ತೋರಿಸಿ ನಮ್ಮ ಡಿಫೆನ್ಸ್‌ಗೆ ಅಭ್ಯಾಸ ಕೊಡುವುದು ಅವನ ಕೆಲಸ. ಅಂದರೆ ಬೇರೆಯವರ ಆಟ ಅವನಿಗೆ ಬಾಯಿಪಾಠ, ನಮ್ಮದು ಹಾಳೆಯ ಮೇಲೆ ಮಾತ್ರ ಗೊತ್ತು. ಅಂಥವನನ್ನು ಪಂದ್ಯದ ಮೂರನೇ ಕಾಲುಭಾಗದಲ್ಲಿ ಸಿಟ್ಟಿನ ಭರದಲ್ಲಿ ಮೈದಾನಕ್ಕೆ ನೂಕಿದರೆ ಆ ಹುಡುಗನಿಗೆ ಅನ್ಯಾಯ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹಾಗಾಗಿ ಮಂಗಳವಾರ, ಬುಧವಾರ ಅವನನ್ನು ಸ್ಕೌಟ್ ತಂಡದಿಂದ ಬಿಡಿಸಿದೆ. ಆ ಜಾಗಕ್ಕೆ ಚೆನ್ನಾಗಿ ಎಸೆಯಬಲ್ಲ ಒಬ್ಬ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಬಂದ. ಸಾಲಿನ ನಡುವೆ ನಿಂತು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದು, ಅಂದರೆ ಸ್ನ್ಯಾಪ್ ಮಾಡುವುದು, ಸೆಂಟರ್‌ನ ಕೆಲಸ. ಮೊದಲ ತಂಡದ ಸೆಂಟರ್ ಅಭ್ಯಾಸಕ್ಕೆ ಸ್ವಲ್ಪ ಮುಂಚೆ ಬಂದು ಇವನಿಗೇ ಚೆಂಡು ಸ್ನ್ಯಾಪ್ ಮಾಡಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ ಸಾಮಾನ್ಯವಾಗಿ ಎರಡನೇ ಸೆಂಟರೇ ಜೋಡಿ. ಪಂದ್ಯದ ದಿನ ಹೊಸ ಕೈಯಿಂದ ಚೆಂಡು ಬಂದಾಗ ಅದು ಜಾರಿ ಬೀಳುವುದು ಇದರಿಂದಲೇ.

ನಮ್ಮ ಹುಡುಗ ಎಡಚ ಬೇರೆ. ಎಡಚ ಎಸೆದ ಚೆಂಡು ಗಾಳಿಯಲ್ಲಿ ತಿರುಗುವುದೇ ವಿರುದ್ಧ ದಿಕ್ಕಿನಲ್ಲಿ, ರಿಸೀವರ್‌ಗಳ ಕೈಗೆ ಅದು ರೂಢಿಯಾಗಬೇಕು. ಎಸೆಯಲು ನಿಂತಾಗ ಅವನ ಬೆನ್ನು ಬಲಕ್ಕೆ ತಿರುಗಿರುತ್ತದೆ, ಕಾಣದ ಕಡೆಯನ್ನು ಕಾಯುವ ಹೊಣೆ ಬಲಗಡೆ ನಿಂತು ಎದುರಾಳಿಗಳನ್ನು ತಡೆಯುವ ಟ್ಯಾಕಲ್‌ ಮೇಲೆ ಬೀಳುತ್ತದೆ. ಇವೆಲ್ಲ ಶುಕ್ರವಾರ ಸಂಜೆ ಹೇಳಿ ಮುಗಿಸುವ ವಿಷಯಗಳಲ್ಲ.

ಆಮೇಲೆ ಪ್ಲೇಗಳ, ಅಂದರೆ ಮೊದಲೇ ಹೆಣೆದ ಆಟದ ನಡೆಗಳ, ಪಟ್ಟಿ. ಮೊದಲನೆಯವನಿಗಾಗಿ ಬರೆದದ್ದನ್ನೇ ಇವನ ಕೈಗಿಡಲಿಲ್ಲ. ‘ಮೂರನೇ ಡೌನ್‌ನಲ್ಲಿ ನಿನಗೆ ಯಾವುದು ಧೈರ್ಯ?’ ಎಂದು ಗುರುವಾರ ಕೇಳಿದೆ. ಡೌನ್ ಅಂದರೆ ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು. ಅವನು ಹೇಳಿದವಷ್ಟೇ ಉಳಿದವು. 2017ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮಂಡಿಗೆ ಪೆಟ್ಟಾದಾಗ ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಡಗ್ ಪೀಡರ್ಸನ್ ಮಾಡಿದ್ದು ಇದನ್ನೇ. ಬದಲಿಗೆ ಬಂದ ನಿಕ್ ಫೋಲ್ಸ್ ಸೀಸನ್ನಿನ ಕೊನೆಯ ಪಂದ್ಯಗಳಲ್ಲಿ ತಡವರಿಸಿದರು. ಪ್ಲೇಆಫ್‌ಗೆ ಬರುವಷ್ಟರಲ್ಲಿ ಅವರಿಗೆ ಒಗ್ಗುವ ಆಟಕ್ಕೆ ಒತ್ತು ಬಂತು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ವಿರುದ್ಧ 41–33ರ ಗೆಲುವು, ಫೋಲ್ಸ್‌ಗೆ ಪಂದ್ಯಶ್ರೇಷ್ಠ ಗೌರವ.

ಅದು ಗೆಲ್ಲುತ್ತಿದ್ದ ತಂಡ. ಸೋಲುತ್ತಿದ್ದ ತಂಡದ ಉದಾಹರಣೆ ಬೇಕೆಂದರೆ 2019ರ ಟೆನ್ನೆಸ್ಸಿ ಟೈಟನ್ಸ್. ಆರು ಪಂದ್ಯಗಳಲ್ಲಿ ಎರಡೇ ಗೆಲುವು. ಮಾರ್ಕಸ್ ಮರಿಯೋಟಾ ಬದಲು ರಯನ್ ಟ್ಯಾನಹಿಲ್‌ಗೆ ಜವಾಬ್ದಾರಿ ಹೋಯಿತು. ಚೆಂಡು ಹಿಡಿದು ಓಡುವ ಡೆರಿಕ್ ಹೆನ್ರಿಗೆ ಹೆದರಿ ಡಿಫೆನ್ಸ್ ಮುಂದೆ ಬಂದಾಗ ಹಿಂದೆ ಖಾಲಿಯಾಗುವ ಜಾಗಕ್ಕೆ ಟ್ಯಾನಹಿಲ್ ಎಸೆದರು. ತಂಡ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಹಿಂದಿನ ಎಎಫ್‌ಸಿ ಫೈನಲ್‌ವರೆಗೆ ಹೋಯಿತು.

ಒಂದು ಸರದಿ ಇವನು, ಒಂದು ಸರದಿ ಅವನು ಎಂದು ಹಂಚುವುದು ನನಗೆ ಒಪ್ಪಿಗೆಯಿಲ್ಲ. ಇಬ್ಬರೂ ಬೆಂಚಿನ ಕಡೆ ನೋಡುತ್ತ ಆಡುತ್ತಾರೆ, ಒಬ್ಬನಿಗೂ ಲಯ ಸಿಗುವುದಿಲ್ಲ. ನಾವು ಎಡಚನಿಗೆ ಪೂರ್ತಿ ಪಂದ್ಯ ಕೊಟ್ಟೆವು. ಅದಕ್ಕೂ ಮೊದಲು ಮೊದಲನೆಯವನನ್ನು ಒಬ್ಬನೇ ಕೂರಿಸಿಕೊಂಡು ವಿಷಯ ತಿಳಿಸಿದೆ. ಬೇರೆ ಯಾರ ಬಾಯಿಂದಲೂ ಅದು ಅವನ ಕಿವಿಗೆ ಬೀಳಬಾರದಿತ್ತು. ‘ಕೋಚ್, ಸಿಗ್ನಲ್ ನಾನು ಕೊಡಲಾ?’ ಎಂದ. ಸೈಡ್‌ಲೈನಿನಿಂದ ಪ್ಲೇ ಸನ್ನೆಗಳನ್ನು ಅವನೇ ಕೊಟ್ಟ, ಡಿಫೆನ್ಸ್ ಹೇಗೆ ನಿಂತಿದೆ ಎಂದು ಪ್ರತಿ ಸರದಿಯ ನಂತರ ಎಡಚನಿಗೆ ಹೇಳಿದ.

ಆಮೇಲೂ ಸೋತೆವು, ಕೆಲವು ಗೆದ್ದೆವು. ಸ್ನ್ಯಾಪ್ ಕೈಜಾರಿ ಚೆಂಡು ಬಿಟ್ಟುಕೊಡುವುದು ನಿಂತಿತು, ಮೂರನೇ ಡೌನ್‌ನಲ್ಲಿ ಮುಂದೆ ಸಾಗತೊಡಗಿದೆವು. ಈಗ ಆಗಸ್ಟ್ ಶಿಬಿರದ ಮೊದಲ ದಿನದಿಂದಲೇ ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ ಮೊದಲ ಸೆಂಟರ್ ಜತೆ ಪಾಲು ಇದೆ, ಅವನದೇ ಪುಟ್ಟ ಪಟ್ಟಿಯೂ ಇದೆ.