ದಾನಿಯಾದರೆ ಪಾಸಿಟಿವ್, ರೋಗಿಯಾದರೆ ನೆಗೆಟಿವ್: ವೀಕ್ ಡಿ ಜೊತೆ ನನ್ನ ಅನುಭವ

"ನಂದು ಓ ನೆಗೆಟಿವ್. ಕಾಲೇಜಿನಲ್ಲಿದ್ದಾಗಿನಿಂದ ಕೊಡ್ತಾ ಇದ್ದೀನಿ. ನೀವು ಪಾಸಿಟಿವ್ ಅಂತ ಹೇಗೆ ಬರೆದಿರಿ?" ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಆಗಿ ನಾನು ಆಗಾಗ ಕೇಳುವ ಮಾತು ಇದು. ಇಬ್ಬರ ಮಾತೂ ಸರಿಯಿರಬಹುದು ಅಂದರೆ ಯಾರೂ ಒಪ್ಪುವುದಿಲ್ಲ.

ಆರ್‌ಎಚ್ ಪಾಸಿಟಿವ್ ಅಂದರೆ ಕೆಂಪು ರಕ್ತಕಣದ ಮೇಲೆ ಡಿ ಆಂಟಿಜನ್ ಎಂಬ ಗುರುತಿನ ಪ್ರೋಟೀನ್ ಇದೆ ಎಂದರ್ಥ. ಸಾಮಾನ್ಯ ಕಣದ ಮೇಲೆ ಅದು ಸಾವಿರಾರು ಕಡೆ ಇರುತ್ತದೆ. ವೀಕ್ ಡಿ ಕಣದಲ್ಲಿ, ಮೊಳಕೆ ಸರಿಯಾಗಿ ಬರದ ರಾಗಿ ಹೊಲದ ಹಾಗೆ, ಅಲ್ಲೊಂದು ಇಲ್ಲೊಂದು. ಸ್ಲೈಡ್ ಮೇಲೆ ಆಂಟಿ-ಡಿ (ಡಿಯನ್ನು ಹಿಡಿಯುವ ಆಂಟಿಬಾಡಿ) ಹಾಕಿದರೆ ಕಣಗಳು ಗಂಟು ಕಟ್ಟುವುದಿಲ್ಲ, ನೆಗೆಟಿವ್ ಅಂತ ಬರೆದುಬಿಡುತ್ತಾರೆ. 1946ರಲ್ಲಿ ಸ್ಟ್ರಾಟನ್ ಎಂಬ ಸಂಶೋಧಕ ಇದನ್ನು ಮೊದಲು ವರದಿ ಮಾಡಿದಾಗ ಡಿಯು ಎಂದು ಕರೆದರು. ನಮ್ಮ ಹಳಬರು ಈಗಲೂ "ಡಿಯು ಹಾಕಿದ್ಯಾ?" ಅಂತಲೇ ಕೇಳುತ್ತಾರೆ.

ದಾನಿಯ ರಕ್ತ ನೆಗೆಟಿವ್ ಬಂದರೆ ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಐಜಿಜಿ (ಒಂದು ಬಗೆಯ ಆಂಟಿಬಾಡಿ) ಬೆರೆತ ಆಂಟಿ-ಡಿ ಹಾಕಿ, ಟ್ಯೂಬನ್ನು 37 ಡಿಗ್ರಿಯಲ್ಲಿ ಇಡುತ್ತೇನೆ. ಆಮೇಲೆ ಸೆಲೈನ್‌ನಲ್ಲಿ ಮೂರು ಸಲ ತೊಳೆಯಬೇಕು. ಅವಸರ ಮಾಡಿದರೆ ಕೆಡುವುದು ಇಲ್ಲೇ. ಕಣಕ್ಕೆ ಅಂಟದ ಆಂಟಿಬಾಡಿ ಸ್ವಲ್ಪ ಉಳಿದರೂ ಸಾಕು, ಕಣಕ್ಕೆ ಅಂಟಿದ ಆಂಟಿಬಾಡಿಯನ್ನು ಹಿಡಿದು ಗಂಟು ಕಟ್ಟಿಸಲು ನಂತರ ಹಾಕುವ ಕೂಂಬ್ಸ್ ಸೀರಮ್ ಅದಕ್ಕೇ ಖರ್ಚಾಗಿ ಸುಳ್ಳು ನೆಗೆಟಿವ್ ಬರುತ್ತದೆ. ಅದಕ್ಕೇ ನೆಗೆಟಿವ್ ಬಂದ ಟ್ಯೂಬಿಗೆಲ್ಲ ಚೆಕ್ ಸೆಲ್ (ಮೊದಲೇ ಆಂಟಿಬಾಡಿ ಅಂಟಿಸಿದ ಕಣ) ಹಾಕುತ್ತೇನೆ. ಅದು ಗಂಟು ಕಟ್ಟದಿದ್ದರೆ ಟೆಸ್ಟ್ ಮತ್ತೆ ಮೊದಲಿನಿಂದ. ಪಕ್ಕದಲ್ಲಿ ಆಂಟಿ-ಡಿ ಇಲ್ಲದ ಕಂಟ್ರೋಲ್ ಟ್ಯೂಬ್ ಇರಲೇಬೇಕು. ಅದೂ ಗಂಟು ಕಟ್ಟಿತು ಅಂದರೆ ಕಣಗಳಿಗೆ ಮೊದಲೇ ಆಂಟಿಬಾಡಿ ಅಂಟಿದೆ, ಈ ರಿಸಲ್ಟ್ ನಂಬುವಂತಿಲ್ಲ.

ವೀಕ್ ಡಿ ಸಿಕ್ಕರೆ ಬ್ಯಾಗಿನ ಮೇಲೆ ಪಾಸಿಟಿವ್ ಲೇಬಲ್. ನೆಗೆಟಿವ್ ರೋಗಿಗೆ ಅದು ಹೋದರೆ ಅವರ ದೇಹ ಆಂಟಿ-ಡಿ ಮಾಡಿಕೊಳ್ಳಬಹುದು. ಆದರೆ ಅದೇ ದಾನಿ ನಾಳೆ ರೋಗಿಯಾಗಿ ಬಂದರೆ ನೆಗೆಟಿವ್ ರಕ್ತ ಕೊಡುತ್ತೇವೆ. ಕಾರಣ ಪಾರ್ಷಿಯಲ್ ಡಿ. ಇವರಲ್ಲಿ ಡಿ ಆಂಟಿಜನ್‌ನ ಕೆಲವು ಭಾಗಗಳೇ ಇರುವುದಿಲ್ಲ, ಪೂರ್ತಿ ಡಿ ಒಳಗೆ ಬಂದರೆ ಇಲ್ಲದ ಭಾಗದ ಮೇಲೆ ಆಂಟಿಬಾಡಿ ಹುಟ್ಟಬಹುದು. ಟ್ಯೂಬ್ ನೋಡಿ ಇದು ವೀಕಾ, ಪಾರ್ಷಿಯಲ್ಲಾ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ದಾನಿಯಾಗಿ ಪಾಸಿಟಿವ್, ರೋಗಿಯಾಗಿ ನೆಗೆಟಿವ್ ಅಂತ ಕಾರ್ಡಿನಲ್ಲಿ ಎರಡನ್ನೂ ಬರೆದು, ಆಪರೇಷನ್ ಅಂದರೆ ಇದನ್ನು ತೋರಿಸಿ ಅನ್ನುತ್ತೇನೆ.

ಜೀನ್ ಟೆಸ್ಟ್ ಮಾಡಿದರೆ ಈ ಗೊಂದಲ ಬಹಳಷ್ಟು ತೀರುತ್ತದೆ. ಯುರೋಪ್ ಮೂಲದವರಲ್ಲಿ ವೀಕ್ ಡಿಯ ಟೈಪ್ 1, 2, 3 ಜಾಸ್ತಿ. ಈ ಟೈಪ್‌ಗಳವರಿಗೆ ಪಾಸಿಟಿವ್ ರಕ್ತವನ್ನೇ ಕೊಡಬಹುದು, ಗರ್ಭಿಣಿಯಾದರೆ, ತಾಯಿಯ ದೇಹ ತಾನೇ ಆಂಟಿಬಾಡಿ ಮಾಡಿಕೊಳ್ಳದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಡ ಎಂಬ ಶಿಫಾರಸು 2015ರಲ್ಲಿ ಅಮೆರಿಕದಲ್ಲಿ ಬಂತು. ಅದನ್ನು ಸುಮ್ನೆ ಇಲ್ಲಿಗೆ ಎತ್ತಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಭಾರತೀಯರ ವೀಕ್ ಡಿ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಾಗಿ ಕಂಡದ್ದು ಬೇರೆಯೇ ಬದಲಾವಣೆ: ಡಿ ಆಂಟಿಜನ್ ಮಾಡಿಸುವ ಆರ್‌ಎಚ್‌ಡಿ ಜೀನಿನ ಮೂರನೇ ಎಕ್ಸಾನ್ (ಜೀನಿನ ಒಂದು ತುಣುಕು) ಎರಡೆರಡು ಸಲ ಬಂದಿರುವುದು.

ತಾಯಿ ನೆಗೆಟಿವ್ ಆಗಿದ್ದರೆ ಹುಟ್ಟಿದ ಮಗುವಿಗೂ ಈ ಟೆಸ್ಟ್ ಮಾಡುತ್ತೇನೆ. ಮಗು ವೀಕ್ ಡಿ ಅಂತ ಬಂದರೂ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು. ಈ ರಿಸಲ್ಟ್ ಬಂದಾಗ ರಿಪೋರ್ಟ್ ಹೋಗುವವರೆಗೆ ಕಾಯುವುದಿಲ್ಲ, ವಾರ್ಡಿಗೆ ನಾನೇ ಫೋನ್ ಮಾಡುತ್ತೇನೆ.